ಲಾನಿಗೆ ನೀರು ಕಟ್ಟಿದ ಹೊನ್ನೂರಪ್ಪ

ನಮ್ಮ ಪಕ್ಕದ ಮನೆಯ ರಾಮಾಂಜಿನಿಗೆ ಲಾನಿನ ಹುಚ್ಚು ಎಲ್ಲಿಂದ ಹತ್ತಿಕೊಂಡಿತೋ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಬಳ್ಳಾರಿಯಲ್ಲಿ ಶಿವರಾತ್ರಿ ಕಳೆಯುವುದೇ ತಡ, ನೆಲ ಹಂಚಿನಂತೆ ಕಾಯುತ್ತದೆ. ನಲ್ಲಿಗೆ ನೀರು ಬಿಟ್ಟ ದಿನ ಓಣಿಯವರೆಲ್ಲ ಕೊಡ ಹಿಡಿದು ಓಡಾಡುತ್ತೇವೆ. ಇಂಥ ಊರಿನಲ್ಲಿ ಮನೆ ಮುಂದಿನ ಅಂಗಳಕ್ಕೆ ಹುಲ್ಲು ಹಾಸಿಸುತ್ತೇನೆ ಅನ್ನುವವನಿಗೆ ಏನು ಹೇಳುವುದು? ನಾನು ಹೇಳಿದೆ, ಅವನು ಕೇಳಲಿಲ್ಲ. ಕುರುಗೋಡು ರಸ್ತೆಯ ಯಾವುದೋ ನರ್ಸರಿಯಿಂದ ಚಾಪೆಯ ಹಾಗೆ ಸುತ್ತಿದ ಹುಲ್ಲು ಬಂತು. ಅದರ ಬೇರಿನ ಮಣ್ಣಿನಲ್ಲಿ ಕೆಂಪಿರುವೆಗಳೂ ಸಂಸಾರ ಸಮೇತ ಬಂದವು.

ಈ ಇರುವೆಗಳ ಬುದ್ಧಿ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹುಲ್ಲಿನ ನಡುವೆ ಪುಡಿಮಣ್ಣಿನ ಸಣ್ಣ ಗುಡ್ಡೆ ಎಬ್ಬಿಸುತ್ತವೆ. ಅದರ ಮೇಲೆ ಕಾಲಿಟ್ಟರೆ ತಕ್ಷಣ ಕಚ್ಚುವುದಿಲ್ಲ. ಸದ್ದಿಲ್ಲದೆ ಮೊಣಕಾಲಿನವರೆಗೆ ಹತ್ತಿ, ಆಮೇಲೆ ಎಲ್ಲವೂ ಒಟ್ಟಿಗೆ ಕಚ್ಚುತ್ತವೆ. ಬೆಂಕಿ ತಾಗಿದಂಥ ಉರಿ, ಮರುದಿನ ಕಚ್ಚಿದಲ್ಲೆಲ್ಲ ಬಿಳಿ ಗುಳ್ಳೆ. ರಾಮಾಂಜಿನಿ ಲಾನು ಮಾಡಿಸಿದ್ದೇ ನಾಲ್ಕು ವರ್ಷದ ಮಗಳು ಅನುಷಾ ಬರಿಗಾಲಲ್ಲಿ ಆಡಲಿ ಅಂತ. ಆ ಮಗು ಶೂ ಹಾಕಿಕೊಂಡು ಕಿಟಕಿಯಲ್ಲಿ ಕುಳಿತು ಹುಲ್ಲನ್ನು ನೋಡುತ್ತಿತ್ತು.

ಆಗ ರಾಮಾಂಜಿನಿಯ ಹೆಂಡತಿ ರಾಧಾ ತನ್ನ ಅಪ್ಪನಿಗೆ ಫೋನು ಮಾಡಿದಳು. ಅಪ್ಪ ಅಂದರೆ ಹೊನ್ನೂರಪ್ಪ. ಸಿರುಗುಪ್ಪದ ಹತ್ತಿರದ ಹಳ್ಳಿಯಲ್ಲಿ ಮೂವತ್ತೆರಡು ವರ್ಷ ನೀರುಗಂಟಿಯಾಗಿದ್ದವನು. ಕಾಲುವೆಯ ತೂಬು ತೆರೆದು ಮುಚ್ಚಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಹರಿಯಬೇಕು ಎಂದು ಪಾಳಿ ಪ್ರಕಾರ ಬಿಡುವ ಕೆಲಸ. ಎರಡೇ ದಿನದಲ್ಲಿ ಬಂದಿಳಿದ. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್, ಕೈಯಲ್ಲೊಂದು ಸಲಿಕೆ. ಸಲಿಕೆಯನ್ನು ಬಸ್ಸಿನಲ್ಲಿ ಹೇಗೆ ತಂದನೋ ಆ ಕಂಡಕ್ಟರನೇ ಹೇಳಬೇಕು.

ಗೇಟಿನಲ್ಲಿ ನಿಂತು ಆತ ಆಡಿದ ಮೊದಲ ಮಾತು ಓಣಿಗೆಲ್ಲ ಕೇಳಿಸಿತು. "ಎಂಟ ದಿನ ಅಷ್ಟ ಇರಾವ ನಾನು. ಈ ಹುಳ ಹೋದ ಮರುದಿನ ನಾನೂ ಹೊಂಟೆ!"

ಕೇಳಲಿ ಅಂತಲೇ ಕೂಗಿದ್ದು. ನಮ್ಮ ಕಡೆ ಮಗಳನ್ನು ಕೊಟ್ಟ ಮನೆಯಲ್ಲಿ ಅಪ್ಪನಾದವನು ಮೂರು ದಿನಕ್ಕಿಂತ ಹೆಚ್ಚು ಉಂಡರೆ ಜನ ಆಡಿಕೊಳ್ಳುತ್ತಾರೆ. ಕೆಲಸವಿದ್ದು ಬಂದವನು ಬೇರೆ, ಸುಮ್ಮನೆ ಉಂಡು ಕೂರಲು ಬಂದವನು ಬೇರೆ. ಹೊನ್ನೂರಪ್ಪನಿಗೆ ತಾನು ಕೆಲಸದ ಮೇಲೆ ಬಂದವನು ಎಂದು ಇಡೀ ಬಡಾವಣೆಗೆ ತಿಳಿಯಬೇಕಿತ್ತು.

ಯಾರು ಏನೆಂದುಕೊಂಡರೂ ಮನೆಯೊಳಗೆ ಗಾದೆಮ್ಮ ಇದ್ದಳು. ರಾಮಾಂಜಿನಿಯ ತಾಯಿ, ಹೊನ್ನೂರಪ್ಪನಿಗೆ ಬೀಗಿತ್ತಿ. ಎಪ್ಪತ್ತರ ಮುದುಕಿ, ಬಾಯಿ ಮಾತ್ರ ಇಪ್ಪತ್ತರದ್ದು. ಬೀಗರಾದ ಹೊನ್ನೂರಪ್ಪನವರು ಅರಿಸಿನಪುಡಿ ಉದುರಿಸಿದರು, ಇರುವೆ ಹೋಗಲಿಲ್ಲ. ಸೀಮೆಎಣ್ಣೆ ಸುರಿದರು, ಹುಲ್ಲು ಸತ್ತಿತು, ಇರುವೆ ಎರಡಡಿ ಆಚೆ ಹೊಸ ಮನೆ ಕಟ್ಟಿದವು. ಕುದಿಯುವ ನೀರು ಹೊಯ್ಯಲು ಹೋಗಿ ಸ್ವಂತ ಹೆಬ್ಬೆರಳು ಸುಟ್ಟುಕೊಂಡರು. ಪ್ರತಿ ಸೋಲಿಗೂ ಜಗಲಿಯ ಮೇಲಿನಿಂದ ಗಾದೆಮ್ಮನ ಟಿಪ್ಪಣಿ ತಪ್ಪಲಿಲ್ಲ.

"ಬೀಗರ, ಇರುವಿ ಓಡಿಸಾಕ ಬಂದೀರೋ, ಮೇಯ್ಸಾಕ ಬಂದೀರೋ? ನೀವು ಬಂದಮ್ಯಾಲ ಅವು ಇನ್ನೂ ದುಂಡಗ ಆಗ್ಯಾವ."

"ಸ್ವಲ್ಪ ತಡೀಯಕ್ಕಾ, ಕೆಲ್ಸ ನಡದೈತಿ."

"ನಡೀಲಿ ನಡೀಲಿ. ಊಟಾನೂ ಚಲೋ ನಡದೈತಿ."

ಎಂಟು ದಿನ ಹೋಗಿ ಎರಡು ತಿಂಗಳಾಯಿತು. ಕಾಂಪೌಂಡ್ ಗೋಡೆಯ ಈಚೆ ನಾನು ಪೇಪರ್ ಓದುತ್ತಿದ್ದರೆ ಆಚೆಯಿಂದ ಆತ ಮಾತಿಗೆ ನಿಲ್ಲುತ್ತಿದ್ದ. ಒಂದು ದಿನ ನಾನು ಸುಮ್ಮನಿರಲಾರದೆ ಕೇಳಿದೆ, "ಊರಾಗ ಎರಡು ಗಂಡುಮಕ್ಕಳು ಅದಾರಲ್ರಿ, ಅವರು ನಿಮ್ಮ ದಾರಿ ಕಾಯಂಗಿಲ್ಲೇನು?"

"ಚಲೋ ನೋಡ್ಕೊಂತಾರ, ರಾಯರ, ಸುಳ್ಳು ಹೇಳಬಾರದು. ಒಬ್ಬನ ಮನ್ಯಾಗ ಒಂದು ತಿಂಗಳು, ಇನ್ನೊಬ್ಬನ ಮನ್ಯಾಗ ಒಂದು ತಿಂಗಳು. ತಾರೀಖು ತಪ್ಪಂಗಿಲ್ಲ." ಸಲಿಕೆಯ ಮಣ್ಣು ಕೆರೆದ. "ಜನರಿಗೆ ಪಾಳಿ ಹಚ್ಚಿ ನೀರು ಬಿಟ್ಟಾವ ನಾನು. ಈಗ ನನ್ನನ್ನ ಪಾಳಿಗೆ ಹಚ್ಚ್ಯಾರ. ಇಲ್ಲಿ ಹಂಗಿಲ್ಲ ನೋಡ್ರಿ, ಮುಂಜಾನಿ ಎದ್ದರ ಒಂದು ಕೆಲ್ಸ ಐತಿ."

ಅಂದರೆ ಆತನಿಗೆ ಊರಿಗೆ ಹೋಗಲು ಇಷ್ಟವಿರಲಿಲ್ಲ. ಹಾಗಂತ ಬಾಯಿಬಿಟ್ಟು ಹೇಳುವಂತೆಯೂ ಇರಲಿಲ್ಲ. ಇರುವೆ ಇರುವತನಕ ಮರ್ಯಾದೆಯಿಂದ ಉಣ್ಣಬಹುದು, ಇರುವೆ ಹೋದರೆ ಬಸ್ ಸ್ಟ್ಯಾಂಡು. ಇಷ್ಟಾದರೂ ಆತ ಕೆಲಸಗಳ್ಳನಲ್ಲ. ಮೊಮ್ಮಗಳ ಕಾಲಿನ ಗುಳ್ಳೆ ನೋಡಿದಾಗಲೆಲ್ಲ ಹಲ್ಲು ಕಡಿದು ಲಾನಿಗೆ ಇಳಿಯುತ್ತಿದ್ದ.

ಕೊನೆಗೆ ತನಗೆ ಚೆನ್ನಾಗಿ ಗೊತ್ತಿದ್ದ ವಿದ್ಯೆಗೇ ಕೈ ಹಾಕಿದ. "ಯಾವ ಹುಳಾನ ಆಗ್ಲಿ, ರಾಯರ, ಮೂರು ದಿನ ನೀರು ನಿಂತ್ರ ಸಾಯತೈತಿ. ಭತ್ತದ ಗದ್ಯಾಗ ಎಷ್ಟು ನೋಡಿಲ್ಲ!"

ಒಂದೇ ಮುಂಜಾನೆಯಲ್ಲಿ ಲಾನಿನ ಸುತ್ತ ಕರಿಮಣ್ಣಿನ ಬದು ಎದ್ದಿತು. ನೂಲು ಹಿಡಿದು ಕಟ್ಟಿದಷ್ಟು ನೇರ, ಕಾಲಿಂದ ತುಳಿದು ಗಟ್ಟಿ ಮಾಡಿದ ಬದು. ಬೋರಿನ ಪೈಪು ಬಿಟ್ಟ. ಪಂಚೆ ಎತ್ತಿ ಕಟ್ಟಿ, ಮೊಣಕಾಲಿನವರೆಗೆ ಎಣ್ಣೆ ಬಳಿದುಕೊಂಡು, ನೀರಿನ ನಡುವೆ ನಿಂತ ಹೊನ್ನೂರಪ್ಪನ ಮುಖದಲ್ಲಿ ಅಂಥ ಕಳೆಯನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಖಾಲಿ ಕೊಡ ಹಿಡಿದು ಹೋಗುತ್ತಿದ್ದ ಹೆಂಗಸರು ನಿಂತು ನೋಡಿದರು. ಆಟೊದವನೊಬ್ಬ ಗಾಡಿ ನಿಲ್ಲಿಸಿ, "ಯಜಮಾನ್ರ, ಸೋನಾ ಮಸೂರಿ ಹಚ್ತೀರೇನು?" ಅಂತ ಕೇಳಿಯೇ ಮುಂದೆ ಹೋದ.

ಈ ಇರುವೆಗಳು ಸಾಯಲಿಲ್ಲ. ಗುಡ್ಡೆಗಳೊಳಗಿಂದ ಸಾವಿರಗಟ್ಟಲೆ ಎದ್ದುಬಂದು, ಒಂದರ ಕಾಲು ಒಂದು ಹಿಡಿದು, ಮೊಟ್ಟೆ ಮರಿಗಳನ್ನು ನಡುವೆ ಇಟ್ಟುಕೊಂಡು, ಹುಣಸೆಹಣ್ಣಿನ ಉಂಡೆಯಂತೆ ಒಟ್ಟಾಗಿ ತೇಲಿದವು. ಸಂಜೆಯ ಗಾಳಿಗೆ ಆ ಉಂಡೆ ಮೆಲ್ಲಗೆ ಹೊರಟಿತು. ಎರಡು ಮನೆಗಳ ನಡುವಿನ ಗೋಡೆಯ ಬುಡದಲ್ಲಿ ಮಳೆನೀರು ಹೋಗಲೆಂದು ಬಿಟ್ಟ ಒಂದು ಕಂಡಿ ಇದೆ. ಬದು ಅಲ್ಲಿ ಒಂದಿಷ್ಟು ಕುಸಿದಿತ್ತು. ನೀರು ನಮ್ಮ ಅಂಗಳಕ್ಕೆ ನುಗ್ಗಿತು, ನೀರಿನ ಜೊತೆ ಇರುವೆಯ ಉಂಡೆಯೂ ಬಂದು ನಮ್ಮ ತುಳಸಿಕಟ್ಟೆಗೆ ಹತ್ತಿತು.

ಆ ಹೊತ್ತಿಗೆ ಸರಿಯಾಗಿ ನನ್ನ ಹೆಂಡತಿ ತುಳಸಮ್ಮ ದೀಪ ಹಚ್ಚಿ ಪ್ರದಕ್ಷಿಣೆ ಹಾಕುತ್ತಿದ್ದಳು. ಮೂರನೆಯ ಸುತ್ತಿಗೆ ಪ್ರದಕ್ಷಿಣೆ ನಿಂತು ಕುಣಿತ ಶುರುವಾಯಿತು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಆಕೆ ದೇವರ ಹೆಸರು ಬಿಟ್ಟು ಬೇರೆ ಶಬ್ದ ಕೂಗಿದ್ದು ಅದೇ ಮೊದಲು. ಆ ಶಬ್ದ ಇಲ್ಲಿ ಬರೆಯುವಂಥದ್ದಲ್ಲ.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಗೋಡೆಯ ಮೇಲೆ ಅರ್ಧ ಹತ್ತಿ, "ಹೊನ್ನೂರಪ್ಪನವರ, ಇದೇನು ಮನಿಯೋ ಮಡುವೋ? ನಿಮಗ ಬುದ್ಧಿ ಐತೋ ಇಲ್ಲೋ?" ಅಂತ ಕೂಗಿದೆ. ಇನ್ನೂ ಬೈಯುವುದಿತ್ತು. ಆತ ನೀರಿನಲ್ಲಿ ಕೈ ಮುಗಿದು ನಿಂತಿದ್ದ.

"ತಪ್ಪಾತ್ರಿ, ರಾಯರ. ಮೂವತ್ತೆರಡು ವರ್ಷದಾಗ ನನ್ನ ನೀರು ಒಬ್ಬರ ಬದು ದಾಟಿದ್ದಿಲ್ಲ. ಇವತ್ತು ದಾಟಿತು."

ಆ ಮಾತು ಕೇಳಿ ಗೋಡೆ ಹತ್ತಿದ್ದಕ್ಕೆ ನನಗೇ ನಾಚಿಕೆಯಾಗಿ ಇಳಿದೆ.

ಆ ವಾರವೇ ಅನುಷಾಳ ಪಾದ ಚಪ್ಪಲಿ ಹಿಡಿಯದಷ್ಟು ಊದಿತು. ಡಾಕ್ಟರು ಮುಲಾಮು ಕೊಟ್ಟು, ಮಗುವನ್ನು ಅಲ್ಲಿಗೆ ಬಿಡಬೇಡಿ ಎಂದರು. ರಾಮಾಂಜಿನಿ ಬೇಸತ್ತು, ಇನ್ನು ಒಂದು ತಿಂಗಳು ನೋಡುತ್ತೇನೆ, ಆಮೇಲೆ ಹುಲ್ಲು ಕಿತ್ತು ಬಂಡೆ ಹಾಸಿಸುತ್ತೇನೆ ಎಂದ. ಬಂಡೆ ಹಾಸಿದರೆ ಹೊನ್ನೂರಪ್ಪ ಸೋತು ಊರಿಗೆ ಹೋಗಬೇಕು. ಆತ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲವೆಂದು ರಾಧಾ ತುಳಸಮ್ಮನ ಮುಂದೆ ಕಣ್ಣೀರು ಹಾಕಿದಳು.

ಮದ್ದು ಸಿಕ್ಕಿದ್ದು ಕೌಲ್ ಬಜಾರಿನಲ್ಲಿ. ವಾರಕ್ಕೆರಡು ದಿನ ನಾನು ಅಲ್ಲೊಂದು ಕಡೆ ಕೇರಂ ಆಡಲು ಹೋಗುತ್ತೇನೆ. ಜೊತೆಗಾರರ ಮುಂದೆ ಇರುವೆಯ ಕಥೆ ಹೇಳಿ ನಗಿಸುತ್ತಿದ್ದಾಗ ಅವರಲ್ಲೊಬ್ಬರು ಬೋರ್ಡಿಗೆ ಉದುರಿಸುವ ಪೌಡರ್ ಡಬ್ಬಿ ತೋರಿಸಿ, ಇದು ಬೋರಿಕ್ ಪೌಡರ್, ನಮ್ಮ ಮನೆಯಲ್ಲಿ ಜಿರಲೆಗೆ ಇದನ್ನೇ ಹಾಕುತ್ತೇವೆ ಎಂದರು. ಮರುದಿನವೇ ಒಂದು ಡಬ್ಬಿ ತಂದು ಗೋಡೆಯಾಚೆ ಚಾಚಿದೆ.

ಸಕ್ಕರೆಯಲ್ಲಿ ಕಲಸಿಟ್ಟರೆ ಇರುವೆಗಳು ಮೂಸಿ ನೋಡಿ ಹೋದವು. ಬೆಲ್ಲಕ್ಕೂ ಅದೇ ಗತಿ. ಅಷ್ಟರಲ್ಲಿ ಗಾದೆಮ್ಮ ತಟ್ಟೆ ಜಾಡಿಸುವಾಗ ಎಣ್ಣೆ ಹಚ್ಚಿದ ಶೇಂಗಾ ಚಟ್ನಿಪುಡಿ ಒಂದಿಷ್ಟು ಹುಲ್ಲಿನ ಮೇಲೆ ಬಿತ್ತು. ಐದು ನಿಮಿಷದಲ್ಲಿ ಅದರ ಸುತ್ತ ಸಂತೆ ನೆರೆಯಿತು.

"ನೋಡ್ರಿ," ಅಂದಳು ಗಾದೆಮ್ಮ, "ನನ್ನ ಕೈಯ ಪುಡಿಗೆ ನೀವು ಒಂದು ದಿನ ಚಲೋ ಐತಿ ಅಂದಿಲ್ಲ. ಹುಳಕ್ಕ ಗೊತ್ತಾತು ರುಚಿ."

ಪುಡಿಯಲ್ಲಿ ಪೌಡರ್ ಕಲಸಲು ಕುಳಿತಾಗ ನನಗೂ ಹೊನ್ನೂರಪ್ಪನಿಗೂ ಜಗಳವೇ ಆಯಿತು. ಆತನದು ಗದ್ದೆಗೆ ಗೊಬ್ಬರ ಎರಚಿದ ಕೈ, ಮುಷ್ಟಿಗೆ ಕಡಿಮೆ ಮಾತಿಲ್ಲ. ನಾನು ಚಿಟಿಕೆ ಸಾಕೆಂದೆ.

"ಚಿಟಿಗಿಗೆ ಸಾಯತಾವೇನ್ರಿ ಇವು? ನೀರಾಗ ಸತ್ತಿಲ್ಲ!"

"ಇಲ್ಲಿ ಕೇಳ್ರಿ. ನಾನು ಸರಕಾರಿ ಕಚೇರ್ಯಾಗ ಮೂವತ್ತು ವರ್ಷ ಕುಂತು ಎದ್ದಾವ. ಅರ್ಜಿನ ಬಾಗಿಲದಾಗ ಆಗಂಗಿಲ್ಲ ಅಂದ್ರ ಜನ ಗಲಾಟಿ ಮಾಡ್ತಾರ. ನಗುನಗುತಾ ಇಸ್ಕೊಂಡು ಒಳಗ ಕಳಿಸಿದ್ರ ಅಲ್ಲೇ ತಣ್ಣಗ ಆಗತೈತಿ. ಮುಷ್ಟಿ ಹಾಕಿದ್ರ ಹೊತ್ತ ಇರುವಿ ದಾರ್ಯಾಗ ಸಾಯತೈತಿ, ಉಳದಾವು ಹುಷಾರ ಆಗತಾವ. ಚಿಟಿಗಿ ಹಾಕಿದ್ರ ತಾವ ಹೊತ್ಕೊಂಡು ಹೋಗಿ ರಾಣಿಗೆ ಉಣ್ಣಸ್ತಾವ."

ಕಚೇರಿಯ ಮಾತು ಹೊನ್ನೂರಪ್ಪನ ತಲೆಗೆ ಹೋಯಿತು. ಕಂದಾಯದ ಕೆಲಸಕ್ಕೆ ಆತನೂ ಸಾಕಷ್ಟು ಅಲೆದವನೇ ಇರಬೇಕು. ಮುಚ್ಚಳಕ್ಕೆ ತೂತು ಹೊಡೆದ ಡಬ್ಬಿಗಳಲ್ಲಿ ಚಿಟಿಕೆ ಪೌಡರ್ ಕಲಸಿದ ಚಟ್ನಿಪುಡಿ ತುಂಬಿ, ಮಗುವಿನ ಕೈಗೆ ಸಿಗದಂತೆ ಗುಡ್ಡೆಗಳ ಬದಿಗೆ ಹೂತೆವು. ಮೂರು ದಿನಕ್ಕೊಮ್ಮೆ ಪುಡಿ ಬದಲಿಸುತ್ತ ಹೋದೆವು. ಮೊದಲ ವಾರ ಇರುವೆಗಳು ಸಾಲು ಹಿಡಿದು ಸಂಭ್ರಮದಿಂದ ಹೊತ್ತವು. ಎರಡನೆಯ ವಾರ ಸಾಲು ತೆಳ್ಳಗಾಯಿತು. ಹದಿನಾಲ್ಕನೆಯ ದಿನ ಹೊನ್ನೂರಪ್ಪ ಒಂದು ಗುಡ್ಡೆಯನ್ನು ಸಲಿಕೆಯಿಂದ ಅಗೆದು ನೋಡಿದ. ಒಂದೂ ಹೊರಬರಲಿಲ್ಲ. ತಾನೇ ಬರಿಗಾಲಲ್ಲಿ ಅಗೆದ ಮಣ್ಣಿನ ಮೇಲೆ ಬಹಳ ಹೊತ್ತು ನಿಂತು, ಆಮೇಲೆ ಮೊಮ್ಮಗಳನ್ನು ಕರೆದ. ಅನುಷಾ ಶೂ ಕಿತ್ತೆಸೆದು ಹುಲ್ಲಿನ ಮೇಲೆ ಉರುಳಾಡಿದಳು. ಅಜ್ಜನೂ ನಕ್ಕ, ನಾವೂ ನಕ್ಕೆವು.

ಮರುದಿನ ಬೆಳಿಗ್ಗೆ ಗೋಡೆಯಾಚೆ ನೋಡಿದರೆ ಹೊನ್ನೂರಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿ ಹೊರಟು ನಿಂತಿದ್ದ. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಸಲಿಕೆ. "ಬಂದ ಕೆಲ್ಸ ಮುಗೀತು, ರಾಯರ. ನಿಮ್ಮಿಂದ ಉಪಕಾರ ಆತು."

ನನಗೆ ಉಪಕಾರ ಮಾಡಿದಂತೆ ಅನಿಸಲಿಲ್ಲ. ಆ ಡಬ್ಬಿಯನ್ನು ಕೌಲ್ ಬಜಾರಿನಲ್ಲೇ ಬಿಟ್ಟು ಬಂದಿದ್ದರೆ ಏನಾಗುತ್ತಿತ್ತು ಎಂದು ನನ್ನನ್ನೇ ಬೈದುಕೊಂಡೆ. ರಾಧಾ ಬಾಗಿಲಲ್ಲಿ ಸೆರಗು ಬಾಯಿಗೆ ಹಿಡಿದು ನಿಂತಿದ್ದಳು. ರಾಮಾಂಜಿನಿ, "ಇನ್ನ ನಾಕು ದಿನ ಇರ್ರಿ, ಮಾವ," ಎಂದ. ಮಗಳು ಇರು ಎಂದರೂ ಅಳಿಯ ಇರು ಎಂದರೂ ಆ ಮನುಷ್ಯ ಇರುವವನಲ್ಲ. ಇರು ಎಂಬ ಮಾತು ಬೀಗಿತ್ತಿಯ ಬಾಯಿಂದ ಬಂದರೆ ಮಾತ್ರ ಆತನ ಮರ್ಯಾದೆ ಉಳಿಯುವುದು. ಆಕೆ ಈ ಮೂರು ತಿಂಗಳಲ್ಲಿ ಆತನಿಗೆ ಒಂದು ಒಳ್ಳೆಯ ಮಾತು ಆಡಿದವಳಲ್ಲ.

ಗಾದೆಮ್ಮ ಜಗಲಿಯ ಮೇಲೆ ಕಾಲು ಚಾಚಿ ಕುಳಿತಿದ್ದಳು. "ಹೊಂಟೀರೇನು?" ಅಂದಳು.

"ಹೂನಕ್ಕಾ. ಹತ್ತರ ಬಸ್ಸಿಗೆ."

"ಬುತ್ತಿ?"

ಹೊನ್ನೂರಪ್ಪ ತಬ್ಬಿಬ್ಬಾದ. "ಬುತ್ತಿ ಯಾಕ? ಎರಡು ತಾಸಿನ ದಾರಿ."

"ಬೀಗರನ್ನ ಬುತ್ತಿ ಇಲ್ದ ಕಳಿಸಿದ ಮನಿ ಅಂತ ನನಗ ಹೆಸರು ತರಬೇಕಂತ ಮಾಡೀರೇನು? ಜೋಳದ ರೊಟ್ಟಿ, ಪುಂಡಿಪಲ್ಯ ಕಟ್ಟಿ ಕಳಿಸಬೇಕು. ಅದು ನನ್ನ ಕೈಯಿಂದನ ಆಗಬೇಕು, ಸೊಸಿ ಮಾಡಿದ್ದು ನಡ್ಯಂಗಿಲ್ಲ." ಬಲಗೈಯನ್ನು ಎಡಗೈಯಿಂದ ಒತ್ತಿಕೊಂಡಳು. "ಇವತ್ತು ನನ್ನ ಕೈ ನೋಯತೈತಿ. ರೊಟ್ಟಿ ಬಡ್ಯಾಕ ಆಗಂಗಿಲ್ಲ. ನಾಳಿ ನೋಡೂಣು. ಚೀಲ ಒಳಗ ಇಡ್ರಿ."

ಬೀಗಿತ್ತಿಯ ಮಾತು ಮೀರಿ ಹೋಗುವ ಹಾಗಿಲ್ಲ. ಹೊನ್ನೂರಪ್ಪ ಚೀಲ ಒಳಗಿಟ್ಟು ಬಂದ. ನಾಳೆಯೂ ಕೈ ನೋಯಿತು, ನಾಡಿದ್ದೂ ನೋಯಿತು. ಇವತ್ತಿಗೆ ಐದು ತಿಂಗಳಾಯಿತು, ಆಕೆಯ ಕೈ ಇನ್ನೂ ವಾಸಿಯಾಗಿಲ್ಲ. ಆದರೆ ದಿನಾ ಬೆಳಿಗ್ಗೆ ಆರಕ್ಕೆ ನನಗೆ ಎಚ್ಚರವಾಗುವುದೇ ಗೋಡೆಯಾಚೆ ಗಾದೆಮ್ಮ ಪಟಪಟ ರೊಟ್ಟಿ ಬಡಿಯುವ ಸದ್ದಿಗೆ. ಒಮ್ಮೆ ತಡೆಯಲಾರದೆ ಕೇಳಿಯೇಬಿಟ್ಟೆ. ಮನೆಮಂದಿಗೆ ಬಡಿಯುವ ರೊಟ್ಟಿಗೆ ಕೈ ನೋಯುವುದಿಲ್ಲವಂತೆ, ಬುತ್ತಿಯ ರೊಟ್ಟಿಗೆ ಮಾತ್ರ ನೋಯುತ್ತದಂತೆ.