ಗೋಂದಿನ ಹೊಲಿಗೆ

ಮೊನ್ನೆ ಬೀದರಿನ ನನ್ನ ಅಂಗಡಿಗೆ ಒಬ್ಬ ತಾಯಿ ಮಗಳ ರಾಣಿ ವೇಷದ ಲಂಗ ತಂದಿದ್ದರು. ಬಾಡಿಗೆಯದು, ಸುಕ್ಕು ತೆಗೆದುಕೊಡಿ ಎಂದರು. ಇಸ್ತ್ರಿ ಮುಟ್ಟಿದ್ದೇ ತಡ, ಜರಿಪಟ್ಟಿಯ ಕೆಳಗಿನ ಗೋಂದು ಕರಗಿ, ಹಳಸಿದ ಗಂಜಿ ಸುಟ್ಟಂಥ ವಾಸನೆ ಮೂಗಿಗೆ ಬಡಿಯಿತು. ಭಾಲ್ಕಿಯ ಅಕ್ಕೋರು ಕಣ್ಣೆದುರು ಬಂದು ನಿಂತರು...

ಅವರು ಹೊಲಿಗೆ ಕ್ಲಾಸ್ ನಡೆಸುತ್ತಿದ್ದರು. ನಾಟಕದ ಪೋಷಾಕು ಹೊಲಿಯುವುದರಲ್ಲಿ ಇಡೀ ಜಿಲ್ಲೆಗೆ ತಾವೊಬ್ಬರೇ ಎಂದು ಅವರೇ ಹೇಳಿಕೊಳ್ಳುತ್ತಿದ್ದರು. ಬೇರೆ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಭಾತಂಬ್ರಾದಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದ ನನಗೆ ಸೂಜಿಗೆ ದಾರ ಪೋಣಿಸಲೂ ಬರುತ್ತಿರಲಿಲ್ಲ. ಅಕ್ಕೋರು ಮಂಚದ ಮೇಲೆ ಕೂತು ಎಲೆ ಅಡಿಕೆ ಅಗಿಯುತ್ತ ಬೆರಳು ತೋರಿಸುವರು, ನಾವು ಹುಡುಗಿಯರು ಹೊಲಿಯುವೆವು. ಅಳತೆ ತಪ್ಪಿದರೆ ಸೇಫ್ಟಿ ಪಿನ್ನು, ಹೊಲಿಗೆ ತಪ್ಪಿದರೆ ಗೋಂದು. ಅವರ ವಿದ್ಯೆ ಅಲ್ಲಿಗೆ ಮುಗಿಯುತ್ತಿತ್ತು.

ಔರಾದಿನ ಒಂದು ಹೆಣ್ಣುಮಕ್ಕಳ ಶಾಲೆಯ ವಾರ್ಷಿಕೋತ್ಸವದ, ನಮ್ಮ ಕಡೆಯ ಮಾತಲ್ಲಿ ಗ್ಯಾದರಿಂಗಿನ, ನಾಟಕಕ್ಕೆ ಬಿಜ್ಜಳ ರಾಜನ ಅಂಗಿ ಹೊಲಿಯುವ ಕೆಲಸ ನನಗೆ ಬಂತು. ನಾನು ಹೊಲಿದ ಮೊದಲ ಪೋಷಾಕು ಅದು. ಮಖಮಲ್ ಬಟ್ಟೆ ಜಾರಿ ಜಾರಿ ಹೋಗಿ, ಬಲಗೈ ತೋಳನ್ನು ಎಡಕ್ಕೂ ಎಡದ್ದನ್ನು ಬಲಕ್ಕೂ ಕೂರಿಸಿಬಿಟ್ಟಿದ್ದೆ. ಎರಡನ್ನೂ ಬಿಚ್ಚಿ, ಮತ್ತೆ ಹೊಲಿಯುತ್ತೇನೆಂದು ಕೂತೆ. ಅಕ್ಕೋರು ಬಿಡಲಿಲ್ಲ, ಗೋಂದಿನ ಡಬ್ಬಿ ಮುಂದೆ ತಳ್ಳಿದರು.

"ನೋಡೋರು ದೂರ ಕೂತಿರ್ತಾರ. ಅವರಿಗೇನ್ ಹೊಲಿಗಿ ಕಾಣ್ತದೇನು? ಹಚ್ಚು."

ಹಚ್ಚಿದೆ. ವೇದಿಕೆಯ ಮೇಲೆ ಬಿಜ್ಜಳನಾಗಿದ್ದ ಏಳನೇ ಇಯತ್ತೆಯ ಹುಡುಗಿ ಕತ್ತಿ ಹಿರಿದು ಕೈ ಎತ್ತಿದಳು. ಬಲತೋಳು ಹೆಗಲಿನಿಂದ ಕಳಚಿ ಮೊಣಕೈಗೆ ಬಂದು ಜೋತಾಡಿತು. ಶಾಲೆಯೇ ಬಿದ್ದು ಬಿದ್ದು ನಕ್ಕಿತು. ಹುಡುಗಿ ಅಳುತ್ತ, ನಾನೂ ಅಕ್ಕೋರೂ ನಿಂತಿದ್ದ ಪರದೆಯ ಹಿಂದಕ್ಕೆ ಓಡಿಬಂದಳು. ಹಿಂದೆಯೇ ಬಂದ ಮುಖ್ಯೋಪಾಧ್ಯಾಯರಿಗೆ ಅಕ್ಕೋರು ನನ್ನನ್ನು ತೋರಿಸಿ ಹೇಳಿದರು: "ಈಕಿ ಹೊಲದದ್ದ್ರಿ ಸರ. ನಾ ಕೈ ಸೈತ ಹಚ್ಚಿಲ್ರಿ."

ಅದು ಸುಳ್ಳೂ ಅಲ್ಲ. ಅವರು ಯಾವುದಕ್ಕೆ ಕೈ ಹಚ್ಚಿದ್ದರು?

ನಾನು ಸೂಜಿ ತೆಗೆದೆ. ಕೈಗೆ ಸಿಕ್ಕ ಬಿಳಿ ದಾರದಲ್ಲಿ, ಆ ಹುಡುಗಿ ಬಿಕ್ಕುತ್ತಿರುವಾಗಲೇ, ಅವಳ ಮೈಮೇಲೆಯೇ ತೋಳು ಹೊಲಿದೆ. ಕೆಂಪು ಮಖಮಲ್ಲಿನ ಮೇಲೆ ಬಿಳಿ ಹೊಲಿಗೆ ಅಂಕುಡೊಂಕಾಗಿ ಕಾಣುತ್ತಿತ್ತು. ಅವಳು ಮೂಗು ಒರೆಸಿಕೊಂಡು ಮತ್ತೆ ವೇದಿಕೆ ಹತ್ತಿದಳು, ಕತ್ತಿ ಎತ್ತಿದಳು. ತೋಳು ನಿಂತಿತು. ಮರುದಿನ ಭಾಲ್ಕಿಯಲ್ಲಿ ಅಕ್ಕೋರು, ತಾವಿದ್ದದ್ದರಿಂದ ನಾಟಕ ಉಳಿಯಿತೆಂದು ಎಲ್ಲರಿಗೂ ಹೇಳುತ್ತಿದ್ದರು. ನಾನು ನನ್ನ ಕತ್ತರಿ ತೆಗೆದುಕೊಂಡು ಬಂದುಬಿಟ್ಟೆ.

ಮುಂದಿನದನ್ನು ಹಳೆಯ ಶೇರವಾನಿ, ಜಂಪರುಗಳನ್ನು ಬಿಚ್ಚಿ, ಕೂಡಿಸಿ ಕಲಿತೆ. ಬೀದರಿನಲ್ಲಿ ಅಂಗಡಿ ಹಾಕಿ ಬಹಳ ವರ್ಷಗಳಾದ ಮೇಲೆ ಒಂದು ಮಧ್ಯಾಹ್ನ ಅಕ್ಕೋರು ಬಾಗಿಲಲ್ಲಿ ನಿಂತಿದ್ದರು. ಕ್ಲಾಸ್ ಮುಚ್ಚಿತ್ತು, ಬೀದರಿನ ಮಗಳ ಮನೆಯಲ್ಲಿದ್ದರಂತೆ, ಹೊತ್ತು ಹೋಗುತ್ತಿರಲಿಲ್ಲವಂತೆ. ಕೂಡಿಸಿದೆ. ಹುಕ್ಕು ಹಚ್ಚಲು ಕೊಟ್ಟೆ. ಅಂದಿನಿಂದ ದಿನಾ ಮಧ್ಯಾಹ್ನ ಬಂದು, ನನ್ನ ಬುತ್ತಿಯಲ್ಲಿ ಪಾಲು ತಿಂದು, ಹುಕ್ಕು ಹಚ್ಚುತ್ತ ಕೂರುವರು. ಅದನ್ನೂ ಸೊಟ್ಟ ಹಚ್ಚುತ್ತಿದ್ದರು. ಅವರು ಹೋದ ಮೇಲೆ ನಾನು ಬಿಚ್ಚಿ ಹಚ್ಚುತ್ತಿದ್ದೆ. ಬಂದ ಗಿರಾಕಿಗಳಿಗೆಲ್ಲ, ಈಕೆಯನ್ನು ತಯಾರು ಮಾಡಿದವಳೇ ನಾನು ಎನ್ನುತ್ತಿದ್ದರು. ಒಂದು ದಿನ ತಡೆಯಲಾಗದೆ ಕೇಳಿಯೇಬಿಟ್ಟೆ:

"ಅಕ್ಕೋರೆ, ನೀವು ನನಗ ಏನ್ ಕಲಿಸೀರಿ, ಹೇಳ್ರಿ."

ಅವರಿಗೆ ಎಳ್ಳಷ್ಟೂ ನಾಚಿಕೆಯಾಗಲಿಲ್ಲ. "ನಿಮ್ಮಪ್ಪ ಬ್ಯಾಡಂದಾಗ ಭಾತಂಬ್ರಾಕ್ಕ ಬಂದು, ಕಳಸ್ರಿ ಅಂತ ಹೇಳಿ, ನಿನ್ನ ಮಿಷಿನ್ ಮುಂದ ಕೂಡಿಸಿದಾಕಿ ಯಾರವಾ?" ಎಂದು, ತಮ್ಮ ಸೊಟ್ಟ ಹುಕ್ಕಿನ ಕಡೆಗೆ ತಿರುಗಿದರು.

ಅವರು ಬಂದಿದ್ದದ್ದು ನಿಜ. ಒಂದು ವಿದ್ಯಾರ್ಥಿನಿ ಹೆಚ್ಚಾಗಲೆಂದು ಬಂದಿದ್ದರು, ಅಷ್ಟೇ. ಆದರೂ ಬಂದಿದ್ದರು...

ಹೋದ ವರ್ಷ ತೀರಿಕೊಂಡರು. ಭಾಲ್ಕಿಗೆ ಮಣ್ಣಿಗೆ ಹೋಗಿದ್ದೆ. ಅಳು ಬರಲಿಲ್ಲ. ಹಿಂದಿರುಗುವಾಗ ಬಸ್ಸಿನಲ್ಲಿ, ಅವರಿಗೆ ಅನ್ನದೆ ಉಳಿಸಿಕೊಂಡಿದ್ದ ಬಿರುಸು ಮಾತುಗಳೆಲ್ಲ ಒಂದೊಂದಾಗಿ ನೆನಪಾದವು. ಇನ್ನು ಅವನ್ನು ಯಾರಿಗೂ ಅನ್ನುವಂತಿರಲಿಲ್ಲ.

ಈಗ ಮತ್ತೆ ಗ್ಯಾದರಿಂಗಿನ ದಿನಗಳು. ಕೆಲಸ ಬೇಕಾದಷ್ಟಿದೆ. ನಾನು ಅವರನ್ನು ಮನ್ನಿಸಿಲ್ಲ, ಮನ್ನಿಸುವುದೂ ಇಲ್ಲ. ಆದರೆ ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಅಂಗಡಿ ಬಿಕೋ ಎನ್ನುತ್ತದೆ.