ಕೌದಿಯೊಳಗಿನ ದಿನಚರಿ

ಓದುಗ ಬಂಧುಗಳಿಗೆ ನಮಸ್ಕಾರ. ಇದನ್ನು ಒಂದೇ ಬೆರಳಿನಿಂದ ಟೈಪ್ ಮಾಡುತ್ತಿದ್ದೇನೆ. ಹಾನಗಲ್ಲಿನಲ್ಲಿ ಬಾಗಿಲು ಮುಚ್ಚಿದ ಟೈಪಿಂಗ್ ಕ್ಲಾಸಿನವರಿಂದ ತಂದ ಹಳೆಯ ಮಷೀನು ಇದು. ಒತ್ತಕ್ಷರಗಳು ಒಮ್ಮೊಮ್ಮೆ ಸಾಲು ಬಿಟ್ಟು ಕೆಳಗೆ ಇಳಿದುಬಿಡುತ್ತವೆ. ಅವನ್ನು ನೀವೇ ಎತ್ತಿ ಜಾಗಕ್ಕೆ ಇಟ್ಟುಕೊಂಡು ಓದಬೇಕು. ವ್ಯಾಕರಣದ ತಪ್ಪುಗಳು ಮಾತ್ರ ಮಷೀನಿನವಲ್ಲ, ನನ್ನವು. ಶಾಲೆಗೆ ತಡವಾಗಿ ಹೋದವನು ಎಂದು ಕ್ಷಮಿಸಿಬಿಡಿ.

ಹೋದ ತಿಂಗಳು ನನ್ನ ಸೊಸೆ ಮಕ್ಕಳ ಪುಸ್ತಕಗಳಿಗೆ ರಟ್ಟು ಹಾಕಲೆಂದು ಒಲೆಯ ಮೇಲೆ ಮೈದಾ ಹಿಟ್ಟಿನ ಅಂಟು ಕುದಿಸುತ್ತಿದ್ದಳು. ಅದರ ವಾಸನೆ ಪಡಸಾಲೆಗೆ ಬಂತು. ನಾನು ಪೇಪರು ಕೆಳಗಿಟ್ಟೆ, ಬಾಯಿಂದ ತಾನಾಗಿ "ಖಾದರ ಕಾಕಾ" ಎಂದು ಬಂತು. ಸೊಸೆ ಒಳಗಿನಿಂದಲೇ, "ಯಾರ್ರಿ ಮಾವಾರ, ಯಾರ ಬಂದಾರ?" ಎಂದಳು. "ಯಾರೂ ಬಂದಿಲ್ಲವಾ" ಎಂದೆ. ಅದು ಅರ್ಧ ಉತ್ತರ. ಉಳಿದ ಅರ್ಧವನ್ನು ಈಗ ಬರೆಯುತ್ತಿದ್ದೇನೆ.

ಖಾದರ ಕಾಕಾ ಸವಣೂರಿನಲ್ಲಿ ಪುಸ್ತಕದ ಬೈಂಡಿಂಗ್ ಮಾಡುತ್ತಿದ್ದರು. ಇಬ್ಬರು ಕುಳಿತರೆ ಮೂರನೆಯವನು ಹೊರಗೆ ನಿಲ್ಲಬೇಕಾದಷ್ಟು ದೊಡ್ಡ ಅಂಗಡಿ. ಮಠದ ಪೋಥಿ ಬರಲಿ, ಮಸೀದಿಯ ಕಿತಾಬು ಬರಲಿ, ಶಾಲೆಯ ಹರಿದ ಭೂಗೋಳ ಬರಲಿ, ಎಲ್ಲಕ್ಕೂ ಅದೇ ಸೂಜಿ, ಅದೇ ದಾರ. ಹುಳ ತಿನ್ನಬಾರದೆಂದು ಅಂಟಿನಲ್ಲಿ ಮೈಲುತುತ್ತು ಕಲಸುತ್ತಿದ್ದರು. ಅದರಿಂದ ಅವರ ಉಗುರುಗಳು ಯಾವಾಗಲೂ ನೀಲಿ. ಕೈಗೆ ಬಂದ ಪುಸ್ತಕವನ್ನು ಓದುವ ಚಟ ಮಾತ್ರ ಇರಲಿಲ್ಲ. ಒಮ್ಮೆ ನಾನು ಕೇಳಿದ್ದೆ, "ಇಷ್ಟೊಂದು ಪುಸ್ತಕ ಬರ್ತಾವ, ಒಂದರ ಓದೀರೇನ್ರಿ ಕಾಕಾ?"

"ನಿನ್ನ ಅಂಗಿ ಹೊಲಿಯಾವ ಅದನ್ನ ತಾನು ತೊಟಗೊಂಡು ಪ್ಯಾಟಿ ತಿರಗ್ಯಾಡಿದ್ರ ನಿನಗ ಹೆಂಗ ಅನಸ್ತೈತಿ?" ಎಂದರು.

ನಮ್ಮದು ಊರ ಹೊರಗೆ ವೀಳ್ಯದೆಲೆಯ ತೋಟ. ದಿನಾ ಮುಂಜಾನೆ ಕಾಕಾನ ಅಂಗಡಿಗೆ ಎಲೆಯ ಕಟ್ಟು ಮುಟ್ಟಿಸುವುದು ನನ್ನ ಕೆಲಸ. ಬಳ್ಳಿ ಕಟ್ಟುವುದು, ನೀರು ಬಿಡುವುದು ಎನ್ನುತ್ತಲೇ ನನ್ನ ಹುಡುಗತನ ಮುಗಿದಿತ್ತು. ಮೂರನೆಯ ಇಯತ್ತೆಯಲ್ಲಿ ಕುಳಿತಾಗ ನನಗೆ ಹದಿನಾರು, ಮೀಸೆ ಚಿಗುರುತ್ತಿತ್ತು. ಮಾಸ್ತರರು ಉಳಿದವರಿಗೆ "ಲೇ" ಅನ್ನುತ್ತಿದ್ದರು, ನನಗೆ "ಯಜಮಾನ್ರ, ಮಗ್ಗಿ ಹೇಳ್ರಿ" ಅನ್ನುತ್ತಿದ್ದರು. ಇಡೀ ವರ್ಗ ನಗುತ್ತಿತ್ತು. ನಾನೂ ನಗುತ್ತಿದ್ದೆ, ಇನ್ನೇನು ಮಾಡುವುದು?

ಅದೇ ಮಾಸ್ತರರು ಒಂದು ದಿನ, ಅಕ್ಷರ ದುಂಡಗಾಗಲಿ ಎಂದು, ಆ ದಿನ ನಡೆದದ್ದನ್ನು ಒಂದು ಸಾಲು ಬರೆಯಲು ಹೇಳಿದರು. ಉಳಿದವರು 'ಇಂದು ಮಳೆ ಬಂತು' ಎಂದು ಬರೆದು ಕೈ ತೊಳೆದುಕೊಂಡರು. ನನಗೆ ಮಾತ್ರ ಹುಚ್ಚು ಹಿಡಿಯಿತು. ನೀವೇ ನೋಡಿ, ಸಿಟ್ಟು ನನಗೆ ಮೊದಲೂ ಬರುತ್ತಿತ್ತು. ಆದರೆ 'ಸಿಟ್ಟು ಬಂತು' ಎಂದು ಬರೆದು ಆ ಎರಡು ಪದಗಳನ್ನು ನೋಡಿದರೆ, ಅದು ಬೇರೆ ಯಾರದೋ ಸಿಟ್ಟು, ನಾನು ಬೇಲಿಯ ಆಚೆ ನಿಂತು ನೋಡುತ್ತಿದ್ದೇನೆ ಎನ್ನಿಸುತ್ತಿತ್ತು. ಇದು ಹೇಗೆ ಆಗುತ್ತದೆ ಎಂಬುದು ಇಂದಿಗೂ ನನಗೆ ತಿಳಿದಿಲ್ಲ.

ಇನ್ನು ನಮ್ಮ ಅಪ್ಪನ ವಿಷಯ ಹೇಳಬೇಕು. ಅವನು ಕೆಟ್ಟವನಲ್ಲ. ಆದರೆ ಬರೆದದ್ದು ಇರುವುದೇ ಓದಲಿಕ್ಕೆ, ಅದೂ ಗಟ್ಟಿಯಾಗಿ, ನಾಲ್ಕು ಜನರ ಮುಂದೆ, ಎಂದು ನಂಬಿದವನು. ಯಾರಿಗೆ ಪತ್ರ ಬಂದರೂ ನಮ್ಮ ಮನೆಯ ಕಟ್ಟೆಯ ಮೇಲೆ ಅದರ ವಾಚನ ಆಗಬೇಕು. ನನ್ನ ನೋಟುಬುಕ್ಕು ಅವನ ಕೈಗೆ ಸಿಕ್ಕಾಗಲೂ ಅದೇ ಆಯಿತು. ಕನ್ನಡಕ ಏರಿಸಿಕೊಂಡು ಓದಿದ: "ಇಂದು ಅಪ್ಪನ ಮೇಲೆ ಸಿಟ್ಟು ಬಂತು. ಆದರೆ ಹೇಳಲಿಲ್ಲ." ಕಟ್ಟೆಯ ಮೇಲಿನ ಮಂದಿಯನ್ನು ಒಂದು ಸುತ್ತು ನೋಡಿ, "ಈಗ ಹೇಳ್ಯಾನ ನೋಡ್ರಿ" ಎಂದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಪ್ಪನೂ ನಕ್ಕು ನೋಟುಬುಕ್ಕನ್ನು ಪ್ರೀತಿಯಿಂದಲೇ ಹಿಂದಕ್ಕೆ ಕೊಟ್ಟ. ನಾನು ಎರಡು ದಿನ ಕಟ್ಟೆಯ ಕಡೆ ಹಾಯಲಿಲ್ಲ.

ಬರೆಯುವುದನ್ನು ಬಿಡಬೇಕಿತ್ತು, ಬಿಡಲಾಗಲಿಲ್ಲ. ಅಪ್ಪನಿಗೆ ಕನ್ನಡ ಬರುತ್ತಿತ್ತು, ಮರಾಠಿ ಬರುತ್ತಿತ್ತು. ಬಾರದ್ದು ಉರ್ದು. ಕಾಕಾನ ಹತ್ತಿರ ಹೋಗಿ, "ನನಗ ಉರ್ದು ಅಕ್ಷರ ಕಲಿಸ್ರಿ" ಎಂದೆ. ಯಾಕೆ ಎಂದು ಅವರು ಕೇಳಲಿಲ್ಲ. ಕತ್ತರಿಸಿ ಉಳಿದ ಕಾಗದದ ಪಟ್ಟಿಗಳ ಮೇಲೆ ಬರೆದು ಕಲಿಸಿದರು. ಲಡಾಯಿಯ, ಅಂದರೆ ಎರಡನೆಯ ಮಹಾಯುದ್ಧದ ಕಾಲ, ಕಾಗದಕ್ಕೆ ಬರ. ಆ ಪಟ್ಟಿಗಳೇ ನನಗೆ ನೋಟುಬುಕ್ಕು. ಮಾತು ಕನ್ನಡವೇ, ಲಿಪಿ ಮಾತ್ರ ಉರ್ದು, ಬಲದಿಂದ ಎಡಕ್ಕೆ. ಅದರಲ್ಲಿ 'ಳ' ಇಲ್ಲ, ನಾನೇ ಮೂರು ಚುಕ್ಕೆ ಇಟ್ಟು ಒಂದನ್ನು ಮಾಡಿಕೊಂಡೆ. ಬರೆದ ಪಟ್ಟಿಗಳನ್ನು ನನ್ನ ಕೌದಿಯ ಒಂದು ಅಂಚಿನ ಹೊಲಿಗೆ ಬಿಚ್ಚಿ, ಹಳೆಯ ಸೀರೆಯ ಪದರುಗಳ ನಡುವೆ ತುರುಕುತ್ತಿದ್ದೆ. ಹೊದ್ದುಕೊಂಡರೆ ಸರಸರ ಎನ್ನುತ್ತಿತ್ತು. ನನ್ನ ಗುಟ್ಟುಗಳ ಕೆಳಗೆ ನಾನೇ ಮಲಗಿದ್ದೇನೆ ಎಂದು ಬಹಳ ಹೆಮ್ಮೆ.

ಹೀಗೆ ಮೂರು ನಾಲ್ಕು ವರ್ಷ ನಡೆಯಿತು. ಆ ಶ್ರಾವಣದಲ್ಲಿ ನನ್ನ ಅಕ್ಕ ನೀಲಕ್ಕ ಪಂಚಮಿಗೆ ತವರಿಗೆ ಬಂದಳು. ರಟ್ಟೀಹಳ್ಳಿಯ ಕಡೆ ಕೊಟ್ಟಿತ್ತು, ಮದುವೆಯಾಗಿ ಎರಡು ವರ್ಷ. ಇದ್ದಿಲಿನ ಹೊಗೆಯಿಂದ ಓಡುವ ಆಗಿನ ಬಸ್ಸಿನಲ್ಲಿ ಬಂದು, ಮುಖ ತುಂಬ ಮಸಿ ಮಾಡಿಕೊಂಡು ನಗುತ್ತಾ ಇಳಿದಳು. ಉಂಡಿ ಕಟ್ಟಿದಳು, ಜೋಕಾಲಿ ಆಡಿದಳು. ಅವ್ವ ಅವಳಿಗೆ ಹೊದೆಯಲು ನನ್ನ ಕೌದಿಯನ್ನೇ ಕೊಟ್ಟಳು, ಮನೆಯಲ್ಲಿ ದಪ್ಪನೆಯದು ಅದೇ ಎಂದು. ದಪ್ಪ ಯಾಕೆ ಎಂದು ನನಗೆ ಗೊತ್ತು. ಬೇಡ ಎನ್ನುವುದು ಹೇಗೆ?

ಹಬ್ಬ ಮುಗಿದ ಮರುದಿನ ಬಾವಿಯ ಹತ್ತಿರ ಅಕ್ಕ ಹಗ್ಗ ಜಗ್ಗುವಾಗ ಬಳೆಗಳು ಹಿಂದಕ್ಕೆ ಸರಿದವು. ಮುಂಗೈ ಮೇಲೆ ಎರಡು ಬರೆ. ನಾನು ನೋಡಿದ್ದನ್ನು ಅವಳೂ ನೋಡಿದಳು.

"ಒಲಿ ಕಟಗಿ" ಎಂದಳು. "ಅವರು ಇಟ್ಟಿದ್ದು. ಸಿಟ್ಟು ಬಂದ್ರ ಕೈಗೆ ಸಿಕ್ಕಿದ್ದು."

"ಅಪ್ಪಗ ಹೇಳ್ತೇನಿ."

"ಹೇಳಬ್ಯಾಡ. ನನ್ನ ಮ್ಯಾಲ ಆಣಿ. ಅಪ್ಪ ಏನ ಮಾಡ್ತಾನ ಗೊತ್ತಿಲ್ಲೇನು? ಕಟ್ಟಿ ಮ್ಯಾಲ ಪಂಚರನ್ನ ಕೂಡಸ್ತಾನ. ಎಲ್ಲಿ ತಂಗಿ ಕೈ ತೋರಸು ಅಂತಾರ. ಆಮ್ಯಾಲ ಬುದ್ಧಿ ಹೇಳಿ ಅಲ್ಲಿಗೇ ಕಳಸ್ತಾರ. ಅದಕಿಂತ ಸುಮ್ನ ಹೋಗೋದು ಚಲೋ."

ನಾಲ್ಕು ದಿನ ಬಿಟ್ಟು ಬುಧವಾರ ಅವಳ ಗಂಡ, ಅಂದರೆ ನಮ್ಮ ಮಾವ, ಅವಳನ್ನು ಕರೆಯಲು ಬರುವವನಿದ್ದ. ನಾನು ಯಾರಿಗೂ ಹೇಳಲಿಲ್ಲ. ಕೊನೆಗೆ ಒಂದು ಪಟ್ಟಿಯ ಮೇಲೆ ಬರೆದೆ. ಅದು ನನಗೆ ಇಂದಿಗೂ ಬಾಯಿಪಾಠ: 'ನೀಲಕ್ಕ ಹೊರಗೆ ನಗುತ್ತಾಳೆ. ಬಳೆಯ ಕೆಳಗೆ ಎರಡು ಬರೆ ಇವೆ. ಮಾವನ ಕೆಲಸ. ಹೇಳಬಾರದೆಂದು ಆಣೆ ಹಾಕಿದ್ದಾಳೆ. ನಾನು ಹೇಳಿಲ್ಲ, ಬರೆದಿದ್ದೇನೆ.' ಹಗಲು ಕೌದಿ ಮಡಿಸಿಟ್ಟಾಗ ಅದನ್ನು ಒಳಗೆ ತುರುಕಿದೆ. ಅವಸರದಲ್ಲಿ ಹೊಲಿಗೆ ಹಾಕಲಿಲ್ಲ.

ಮರುದಿನ ಮುಂಜಾನೆ ಎಲೆಯ ಕಟ್ಟು ಹಿಡಿದು ಕಾಕಾನ ಅಂಗಡಿಯ ಮುಂದೆ ನಿಂತಿದ್ದೆ. ಅವ್ವ ಬಂದಳು. ಎಂದೂ ಪೇಟೆಗೆ ಒಬ್ಬಳೇ ಬರದವಳು. ಸೆರಗಿನ ಗಂಟು ಬಿಚ್ಚಿ ಒಂದು ಕಾಗದ ತೆಗೆದಳು. ನನ್ನ ಪಟ್ಟಿ.

"ಸಾಬರ, ಇದನ್ನೊಂದೀಟು ಓದ್ರಿ. ನೀಲಾ ಹೊಚಗೊಳ್ಳೋ ಕೌದಿ ಬಿಸಲಿಗೆ ಹಾಕಿದ್ರ ಅಂಚಿನ್ಯಾಗಿಂದ ಬಿತ್ತು. ಯಾರರ ಮಾಟಾ ಮಾಡ್ಯಾರೋ, ಇಲ್ಲಾ ಮಕ್ಕಳಾಗಲಿ ಅಂತ ಈಕಿನ ದರ್ಗಾದಿಂದ ತಾಯತಾ ತಂದಾಳೋ."

ಕಾಕಾ ಅಂಟಿನ ಕೈಯನ್ನು ಒರೆಸಿಕೊಂಡು ಕಾಗದ ತೆಗೆದುಕೊಂಡರು. ತಾಯತವೆಂದೇ ತಿಳಿದು ಗಟ್ಟಿಯಾಗಿ ಶುರು ಮಾಡಿದರು, "ನೀಲಕ್ಕ..." ಅಷ್ಟಕ್ಕೇ ನಿಂತರು. ಮುಂದಿನದನ್ನು ಕಣ್ಣಿನಲ್ಲೇ ಓದಿದರು. ಆಮೇಲೆ ನನ್ನನ್ನು ನೋಡಿದರು. ನನ್ನ ಕೈಯೊಳಗಿನ ಎಲೆಗಳು ಬಿಸಿಯಾದಂತೆ ಅನ್ನಿಸಿತು.

"ನೀಲಾನ ಹೆಸರು ಬಂತಲ್ರಿ" ಎಂದಳು ಅವ್ವ.

"ವೈನೀ, ಇದು ಮಾಟಾನೂ ಅಲ್ಲ, ತಾಯತಾನೂ ಅಲ್ಲ. ನಿಮ್ಮ ಮನಿ ಮಾತು. ನಾ ಓದಬಾರದಿತ್ತು, ಓದಿದೆ, ಮಾಫ್ ಮಾಡ್ರಿ. ಮುಂದ ಹೇಳೋದು ನನ್ನ ಕೆಲಸ ಅಲ್ಲ. ಬರದಾವ ಇಲ್ಲೇ ನಿಂತಾನ."

ಕಾಗದ ನನ್ನ ಕೈಗೆ ಬಂತು. ಅವ್ವ ನನ್ನ ಕಡೆ ತಿರುಗಿ, "ಓದೋ" ಎಂದಳು.

"ಅಕ್ಕನ್ನ ಕೇಳದ ಓದಾಕ ಬರಂಗಿಲ್ಲವ್ವ. ಆಣಿ ಹಾಕ್ಯಾಳ."

ಈ ಮಾತಿನಿಂದ ಆಣೆ ಉಳಿಯಿತು ಎಂದು ನಾನು ಅಂದುಕೊಂಡಿದ್ದೆ ನೋಡಿ, ಅಷ್ಟು ನನ್ನ ಬುದ್ಧಿ. ಅವ್ವ ಸೆರಗು ಹೊದ್ದುಕೊಂಡು ಮನೆಯ ಕಡೆ ಬಿರಬಿರ ನಡೆದಳು. ಕಾಕಾ ನನ್ನ ಕೈಯಿಂದ ಎಲೆಯ ಕಟ್ಟು ಕಿತ್ತುಕೊಂಡು, "ನಿಂತೀಯಲ್ಲೋ ತಮ್ಮಾ. ಅವರಕಿಂತ ಮೊದಲ ಮನಿ ಮುಟ್ಟು. ಅಕ್ಕಗ ನೀನಾ ಹೇಳು" ಎಂದರು.

ತೋಟದ ಅಡ್ಡದಾರಿಯಲ್ಲಿ ಓಡಿದೆ. ಅಕ್ಕ ಬೇಳೆ ಆರಿಸುತ್ತಿದ್ದಳು. ಏದುಸಿರು ಬಿಡುತ್ತ ಎಲ್ಲವನ್ನೂ ಹೇಳಿದೆ. ಅವಳು ಮೊರ ಕೆಳಗಿಟ್ಟಳು.

"ನೀ ಬಾಯಿ ಬಿಡಂಗಿಲ್ಲಂತ ನಿನಗ ಹೇಳಿದೆ. ನಿನ್ನ ಕೈಗೂ ಒಂದು ಬಾಯಿ ಐತಿ ಅಂತ ನನಗ ಗೊತ್ತಿರಲಿಲ್ಲ" ಎಂದಳು. "ನನ್ನ ಮೈಮ್ಯಾಲಿಂದು ನಿನ್ನ ಹಾಳ್ಯಾಗ ಯಾಕ ಹೋತು?"

ಅಷ್ಟರಲ್ಲಿ ಅವ್ವ ಬಂದಳು. ಅಕ್ಕನ ಪಕ್ಕದಲ್ಲಿ ಕುಳಿತು, ಅವಳ ಬಳೆಗಳನ್ನು ಮೇಲಕ್ಕೆ ಸರಿಸಿ ನೋಡಿದಳು. ಹಾಗೇ ಆ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು, ಅಪ್ಪ ತೋಟದಿಂದ ಬರುವ ತನಕ ಕುಳಿತಿದ್ದಳು. ಅವನು ಬಂದ ಕೂಡಲೇ, "ಕದಾ ಮುಂದ ಮಾಡಿ ಬರ್ರಿ" ಎಂದಳು. ನಮ್ಮ ಮನೆಯ ಕದವನ್ನು ಹಗಲು ಹಾಕಿದ್ದು ನಾನು ಮೊದಲ ಸಲ ನೋಡಿದೆ.

ಅಪ್ಪ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ ನನಗೆ ಕೊಟ್ಟ. ನಾನು ಅಕ್ಕನ ಮುಖ ನೋಡಿದೆ. "ಓದು. ಇನ್ನೇನ ಉಳದೈತಿ" ಎಂದಳು.

ಓದಿದೆ. ಎರಡು ಬರೆ ಎಂಬಲ್ಲಿ ಅಕ್ಕ ತಡೆದಳು. "ಎರಡಲ್ಲ, ಮೂರು. ಒಂದು ಬೆನ್ನ ಮ್ಯಾಲೈತಿ. ಅದನ್ನ ನೀ ನೋಡಿಲ್ಲ."

ಅಪ್ಪ ಕನ್ನಡಕ ತೆಗೆದು ಕೆಳಗಿಟ್ಟ. ಅಕ್ಕನೇ ಅಂದಳು, "ಅಪ್ಪಾ, ಪಂಚರನ್ನ ಕೂಡಸಬ್ಯಾಡ. ಹೋಗಂದ್ರ ಹೋಗ್ತೇನಿ, ಮಂದಿ ಮುಂದ ಮಾತ್ರ ಬ್ಯಾಡ."

"ಯಾರನೂ ಕೂಡಸಂಗಿಲ್ಲ" ಎಂದ ಅಪ್ಪ. "ನೀ ಹೋಗಂಗೂ ಇಲ್ಲ."

ಬುಧವಾರ ಮಾವನೂ ಅವನ ಚಿಕ್ಕಪ್ಪನೂ ಬಂದರು. ಕಟ್ಟೆಯ ಮೇಲೆ ದಿನದ ಮಂದಿ ಎಲ್ಲ ಇದ್ದರು. ಅಪ್ಪ ಬಂದವರನ್ನು ಒಳಗೆ ಕರೆದು ಕದ ಹಾಕಿದ. ಒಳಗೆ ಅವನ ದನಿ ಏರಲಿಲ್ಲ. "ಆಕಿ ಇಲ್ಲೇ ಇರ್ತಾಳ. ಯಾಕ ಅಂತ ನಿಮ್ಮ ಹುಡುಗಗ ಗೊತ್ತೈತಿ, ಹಾದ್ಯಾಗ ಅವನ್ನ ಕೇಳಕೋತ ಹೋಗ್ರಿ" ಎಂದ. ಅವರು ಹೋದ ಮೇಲೆ ಕಟ್ಟೆಯವರು, "ಏನಾತ್ರಿ, ಏನಂದ್ರು?" ಎಂದು ಮುಗಿಬಿದ್ದರು. ಅಪ್ಪ, "ಈ ಸಲ ಎಲಿಗೆ ಭಾಳ ರೋಗ ಬಿದ್ದೈತಿ ನೋಡ್ರಿ" ಎಂದು ತೋಟದ ಮಾತು ತೆಗೆದ. ವರ್ಷಗಟ್ಟಲೆ ಕೇಳಿದರು, ವರ್ಷಗಟ್ಟಲೆ ಅವನು ಎಲೆಯ ರೋಗವನ್ನೇ ಹೇಳಿದ. ಗೊತ್ತಿಲ್ಲದ ಮಂದಿ ಏನೇನೋ ಕಟ್ಟಿಕೊಂಡು ಆಡಿದರು. ನಿಜ ಹೇಳಿದ್ದರೆ ಆ ಬಾಯಿಗಳು ಮುಚ್ಚುತ್ತಿದ್ದವು. ಆದರೂ ಅಪ್ಪ ಹೇಳಲಿಲ್ಲ.

ಮರುದಿನ ಎಲೆ ಕೊಡಲು ಹೋದಾಗ ಕಾಕಾ ಇದರ ಬಗ್ಗೆ ಏನೂ ಕೇಳಲಿಲ್ಲ. ನಾನು ಹೊರಟಾಗ ಮಾತ್ರ, "ಆ ಮೂರು ಚುಕ್ಕಿ ಅಕ್ಷರ ನಿನಗ ಯಾರು ಕಲಿಸಿದ್ರು?" ಎಂದರು. ನಾನೇ ಮಾಡಿದ್ದು ಎಂದೆ. "ಅದರಾಗ ಒಂದೀಟು ತಡವರಿಸಿದೆ ನೋಡು" ಎಂದು ಕೆಲಸಕ್ಕೆ ಬಗ್ಗಿದರು.

ಅಕ್ಕ ದಸರೆಯ ತನಕ ನನ್ನ ಹತ್ತಿರ ಮಾತಾಡಲಿಲ್ಲ. ಅವಳ ಬದುಕು ಉಳಿಯಿತಲ್ಲ, ಇನ್ನೇನು ಸಿಟ್ಟು ಎಂದು ಆಗ ನನಗೆ ಅನ್ನಿಸುತ್ತಿತ್ತು. ಬನ್ನಿ ಕೊಡುವ ದಿನ ತಾನಾಗಿ ಎದುರು ನಿಂತು, "ಇನ್ನ ನನ್ನ ವಿಷಯ ಬರದ್ರ ಮೊದಲ ನನಗ ಓದಿ ಹೇಳಬೇಕು" ಎಂದಳು. ಅಂದಿನಿಂದ ಹಾಗೆಯೇ ನಡೆಯಿತು. ಅವಳು ಎಲೆ ಆರಿಸುತ್ತ ಕೇಳುವಳು, ನಾನು ಓದುವೆ. ಒಬ್ಬರು ಕೇಳುತ್ತಾರೆ ಎಂದರೆ ಕೈ ಎಷ್ಟು ಹುಷಾರಾಗುತ್ತದೆ ಎಂಬುದನ್ನು ನಾನು ಆಗ ಕಲಿತೆ. ಮುಂದೆ ತೋಟವನ್ನು ನೋಡಿಕೊಂಡವಳು ಅವಳೇ. ನಾನು ಹಾನಗಲ್ಲಿಗೆ ಬಂದೆ.

ಹೋದ ವಾರ ಈ ಹಾಳೆಗಳನ್ನು ಚೀಲದಲ್ಲಿಟ್ಟುಕೊಂಡು, ಬಂಕಾಪುರದ ಮೇಲಿಂದ ಬಸ್ಸು ಹಿಡಿದು ಸವಣೂರಿಗೆ ಹೋಗಿದ್ದೆ. ಅಕ್ಕನಿಗೆ ಎಂಬತ್ತರ ಮೇಲಾಗಿದೆ. ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದಳು. ಒಂದು ಸಾಲು ತೆಗೆಯಲು ಹೇಳಿದಳು, ತೆಗೆದಿದ್ದೇನೆ. ಎಲ್ಲಿ ಎಂದು ಹುಡುಕಬೇಡಿ.

"ಉಳದಿದ್ದು ಇರಲಿ" ಎಂದಳು. "ಹೆಸರು ಮಾತ್ರ ನಂದು ಬ್ಯಾಡ."

"ಮತ್ತೇನ ಹಾಕ್ಲಿ?"

ಅವಳು ಹೊಸ ಸೀರೆ ಆರಿಸುವವಳ ಹಾಗೆ ಬಹಳ ಹೊತ್ತು ಯೋಚಿಸಿದಳು. ಮುಖದಲ್ಲಿ ನಗು ಬಂತು. "ನೀಲಾ ಅಂತ ಹಾಕು. ಸಣ್ಣಾಕಿದ್ದಾಗ ನನಗ ಆ ಹೆಸರ ಇಡಬೇಕಾಗಿತ್ತು ಅಂತ ಅನಸ್ತಿತ್ತು" ಎಂದಳು.

ಮನೆಗೆ ಬಂದು ಎಲ್ಲ ಹಾಳೆಗಳನ್ನೂ ಮೊದಲಿನಿಂದ ಮತ್ತೆ ಟೈಪ್ ಮಾಡಿದೆ. ನೀವು ಈಗ ಓದಿದ್ದು ಆ ಎರಡನೆಯ ಪ್ರತಿ. ಇಷ್ಟು ವರ್ಷ ನನ್ನ ದಿನಚರಿಯನ್ನು ಯಾರು ಓದಿಬಿಡುತ್ತಾರೋ ಎಂದು ಹೆದರಿದವನು ನಾನು. ಈಗ ಹಳೆಯ ಪಟ್ಟಿಗಳನ್ನು ಬಿಡಿಸಿದಾಗ, ಇದರೊಳಗೆ ಯಾರು ಯಾರು ಇದ್ದಾರೆ, ಅವರನ್ನು ನಾನು ಕೇಳಿದ್ದೆನೇ ಎಂದು ನೋಡುತ್ತೇನೆ. ಕೇಳಲು ಬಹಳ ಜನ ಉಳಿದಿಲ್ಲ.

ನಿಮ್ಮ ಮನೆಯಲ್ಲೂ ಇಂಥ ಒಂದು ನೋಟುಬುಕ್ಕು ಇದ್ದೀತು. ನೀವು ಬರೆದದ್ದೋ, ನಿಮ್ಮನ್ನು ಕುರಿತು ಬರೆದದ್ದೋ. ಅದು ಯಾರ ಕೈಗೆ ಸಿಕ್ಕಿತು, ಸಿಕ್ಕಾಗ ಅವರು ಏನು ಮಾಡಿದರು, ನನಗೆ ಬರೆದು ತಿಳಿಸಿ. ಅದರಲ್ಲಿ ಬರುವವರನ್ನು ಮೊದಲು ಕೇಳಿರಿ. ಬೇಡ ಎಂದರೆ ಬರೆಯಬೇಡಿ. ನಿಮ್ಮ ಪತ್ರ ಬಾರದಿದ್ದರೆ, ಅವರು ಬೇಡ ಅಂದಿರಬೇಕು ಎಂದು ತಿಳಿದುಕೊಳ್ಳುತ್ತೇನೆ.