ಚಾಚಾ ಆರಿಸಿದ ಬಟ್ಟೆ

ಹೊಸ ಬಟ್ಟೆಯ ಗಂಜಿ ವಾಸನೆಗೆ ಇಷ್ಟೊಂದು ಶಕ್ತಿ ಇದೆ ಅಂತ ನನಗೆ ಗೊತ್ತಿರಲಿಲ್ಲ. ಹೋದ ವಾರ ಗಾಂಧಿ ಬಜಾರಿನ ಬಟ್ಟೆ ಅಂಗಡಿಗೆ ಹೋಗಿದ್ದೆ. ಬೇಸಿಗೆಯಲ್ಲಿ ಬೆಟ್ಟ ಹತ್ತಲು, ಹೊಳೆಯ ದಡದಲ್ಲಿ ಗಾಳ ಹಾಕಿ ಕೂರಲು ಒಂದು ತುಂಬುತೋಳಿನ ಅಂಗಿ ಹೊಲಿಸಬೇಕಿತ್ತು. ಅಂಗಡಿಯವರು ಥಾನು ಬಿಚ್ಚಿ ಹರಡಿದ್ದೇ ತಡ, ಆ ವಾಸನೆ ಮೂಗಿಗೆ ಬಡಿಯಿತು. ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಬಟ್ಟೆಯ ತುದಿ ಹಿಡಿದು ಬಾಗಿಲಿಗೆ ಹೋಗಿ, ಅದನ್ನು ಬಿಸಿಲಿಗೆ ಎತ್ತಿ, ಹಿಂದೆ ಅಂಗೈ ಇಟ್ಟು ನೋಡುತ್ತಿದ್ದೆ.

"ಏನ್ ಮೇಡಂ, ತೂತು ಹುಡುಕ್ತಿದೀರಾ?" ಎಂದರು ಅಂಗಡಿಯವರು.

ತೂತಲ್ಲ, ಬೆರಳು. ಬಟ್ಟೆಯ ಹಿಂದಿನ ಬೆರಳು ಎಣಿಸುವಷ್ಟು ಕಂಡರೆ ಆ ಬಟ್ಟೆ ಬಿಸಿಲಿಗೆ ಆಗದು. ಈ ಪರೀಕ್ಷೆ ನನಗೆ ಅಂಟಿಸಿದ್ದು ಚಾಚಾ...

ಭದ್ರಾವತಿಯ ಜನ್ನಾಪುರದಲ್ಲಿ ಅವರು ನಮ್ಮ ಎದುರುಮನೆಯವರು. ಇಡೀ ಬೀದಿಗೆ ಅವರು ಚಾಚಾ, ಅವರ ಹೆಂಡತಿ ಚಾಚಿ. ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ನಿಂತೇ ಆಯಸ್ಸು ಸವೆಸಿದವರು ಚಾಚಾ. ಅವರಿಗಿದ್ದದ್ದು ಒಂದೇ ಹುಚ್ಚು, ಗಾಳದ ಹುಚ್ಚು. "ರಿಟೈರ್ ಆಗ್ಲಿ, ನೋಡ್ತಿರು. ನಾನು, ನನ್ನ ಗಾಳ, ಹೊಳೆ. ಮತ್ಯಾರೂ ಬೇಡ" ಅನ್ನುತ್ತಿದ್ದರು. ಒಳಗಿಂದ ಚಾಚಿ, "ಹೌ, ಹೊಳೇನೇ ಅನ್ನ ಮಾಡಿ ಬಡಿಸ್ತದೆ, ಹೋಗಿ" ಅನ್ನುತ್ತಿದ್ದರು. ಬಾಯಲ್ಲಿ ಮತ್ಯಾರೂ ಬೇಡ ಎಂದರೂ, ಹೊರಡುವಾಗಲೆಲ್ಲ ಚಾಚಾ ಬಾಗಿಲಲ್ಲಿ ನಿಂತು "ನೀನೂ ಬಾ" ಎಂದು ಕರೆಯದೆ ಹೋದವರಲ್ಲ. ಚಾಚಿಯ ಉತ್ತರವೂ ಬದಲಾದದ್ದಿಲ್ಲ: "ಆ ಬಿಸಿಲಾ? ನಕ್ಕೋ, ಬೇಡ!"

ನಿವೃತ್ತಿಯಾದ ಮೊದಲ ಬೇಸಿಗೆಯಲ್ಲೇ ಗ್ರಹಚಾರ ವಕ್ಕರಿಸಿತು. ಹೊಳೆಯಿಂದ ಬಂದ ಚಾಚಾನ ಮುಖ, ಕೈ ಎಲ್ಲ ಕೆಂಪೇರಿ ದದ್ದು ಎದ್ದವು. ಚರ್ಮಕ್ಕೆ ಬಿಸಿಲು ಒಗ್ಗದ ಕಾಯಿಲೆ ಎಂದರು ಡಾಕ್ಟರು. ಮೈ ಪೂರ್ತಿ ಮುಚ್ಚಿಕೊಂಡು ಹೋಗಿ, ಇಲ್ಲವಾದರೆ ಬಿಸಿಲಿಗೆ ಹೋಗಲೇಬೇಡಿ ಎಂದರಂತೆ. ಚಾಚಿಯ ಕಿವಿಗೆ ಬಿದ್ದದ್ದು ಎರಡನೆಯ ಮಾತು ಮಾತ್ರ. ಆ ಸಂಜೆಯೇ ಗಾಳದ ಕೋಲುಗಳು ಅಟ್ಟ ಸೇರಿದವು.

ಅದಾದ ಮೇಲೆ ಚಾಚಾ ಜಗಲಿಯಲ್ಲಿ ಕೂತು ಬಸ್ಸು ನೋಡತೊಡಗಿದರು. ಅಷ್ಟು ವರ್ಷ ಕಾದ ಮನುಷ್ಯನಿಗೆ ಕೊನೆಗೆ ಸಿಕ್ಕಿದ್ದು ಜನ್ನಾಪುರದ ಬಸ್ಸು! "ಬೆಂಕಿ ಮುಂದೆ ನಿಂತವ್ನು ನಾನು. ಬಿಸಿಲಿಗೆ ಹೆದರ್ಕೊಂಡು ಮನೇಲಿ ಕೂರ್ಬೇಕಾ ಬೇಟಿ?" ಎಂದು ಒಂದು ದಿನ ಕೇಳಿಯೇಬಿಟ್ಟರು. ನಾನಾಗ ಕಾಲೇಜಿನ ಚಾರಣ ತಂಡಕ್ಕೆ ಹೊಸದಾಗಿ ಸೇರಿದ್ದೆ. ಗಿಡ್ಡ ತೋಳಿನ ಟೀ ಶರ್ಟಿನಲ್ಲಿ ಮೊದಲ ಬೆಟ್ಟ ಹತ್ತಿ, ತೋಳಿನ ಸಿಪ್ಪೆ ಸುಲಿಸಿಕೊಂಡು ಬಂದಿದ್ದೆ. ಸಮಾನ ದುಃಖಿಗಳು ನಾವು. ಹಾಗಾಗಿ ಮೈ ಮುಚ್ಚುವ ಅಂಗಿ ಹೊಲಿಸಿಕೊಳ್ಳುತ್ತೇವೆಂದು ಇಬ್ಬರ ಪರವಾಗಿ ನಾನೇ ಚಾಚಿಯ ಮುಂದೆ ವಕೀಲಿ ಮಾಡಿದೆ.

ಚಾಚಿ ಪೂರ್ತಿ ಕರಗಲಿಲ್ಲ, ಒಂದು ಪರೀಕ್ಷೆ ಒಡ್ಡಿದರು. ಒಂದೇ ಒಂದು ಭಾನುವಾರ. ಮರದ ನೆರಳಿಗೆ ಹೋಗುವಂತಿಲ್ಲ. ಮೈಮೇಲೆ ಒಂದು ಚೂರೂ ಕೆಂಪಿಲ್ಲದೆ ಮನೆಗೆ ಬಂದರೆ ಕೋಲುಗಳು ಕೆಳಗೇ ಇರುತ್ತವೆ. ಬೆರಳಗಲ ಕೆಂಪು ಕಂಡರೂ ಸಾಕು, ಗುಜರಿಯವನ ಪಾಲು.

ಅಬ್ಬಾ, ಆಮೇಲಿನ ಸಂಭ್ರಮವೇ ಸಂಭ್ರಮ! ಬಸ್ಸು ಹಿಡಿದು ಪಕ್ಕದೂರಿನ ಇದೇ ಗಾಂಧಿ ಬಜಾರಿಗೆ ಬಂದೆವು. ಮದುವೆ ಜವಳಿ ಕೊಳ್ಳುವವರೂ ಅಷ್ಟು ಅಂಗಡಿ ಹತ್ತಿ ಇಳಿದಿರಲಾರರು. ನಾನು ಮೊದಲು ಕೈ ಹಾಕಿದ್ದು ತೆಳ್ಳನೆಯ ಬಿಳಿ ಮಲ್ ಬಟ್ಟೆಗೆ, ತಂಪಾಗಿರುತ್ತದೆಂದು. ಚಾಚಾ ಅದನ್ನು ಬೀದಿಗೆ ಒಯ್ದು ಬಿಸಿಲಿಗೆ ಹಿಡಿದರು. ಅವರ ಐದು ಬೆರಳೂ, ಒಂದು ಉಂಗುರವೂ ಸ್ಪಷ್ಟವಾಗಿ ಕಂಡವು. "ಇದ್ರಲ್ಲಿ ಬಿಸಿಲು ಟಿಕೆಟ್ ಇಲ್ದೆ ಒಳಗೆ ಬರ್ತದೆ" ಎಂದು ಮಡಿಸಿಟ್ಟರು. ಒತ್ತಾದ ನೇಯ್ಗೆಯ ಹತ್ತಿಬಟ್ಟೆಯೊಂದು ಬಿಸಿಲಲ್ಲಿ ಗೆದ್ದಿತು. ಆದರೆ ಅಂಗಡಿಯವರು ಕುಡಿಯಲು ಕೊಟ್ಟ ನೀರಿನಲ್ಲಿ ಅದರ ಮೂಲೆ ಅದ್ದಿ ನೋಡಿದರೆ ಮತ್ತೆ ಬೆರಳು ಹಾಜರ್! ಹೊಳೆಯಲ್ಲಿ ನೆನೆಯದೆ ಇರಲಾದೀತೇ, ಬೆಟ್ಟದಲ್ಲಿ ಬೆವರದೆ ಇರಲಾದೀತೇ? ಅದೂ ಬಿತ್ತು.

"ಚಾಚಾ, ಬಟ್ಟೆ ತಗೊಳ್ತೀರೋ, ಎಕ್ಸ್‌ರೇ ತೆಗೀತೀರೋ?" ಎಂದು ಅಂಗಡಿಯವರು ಕೈಮುಗಿದರು.

ಕೊನೆಗೆ ಸಿಕ್ಕಿತು. ಕಡು ನೀಲಿ, ಹಗುರ, ಹತ್ತಿಗೆ ಪಾಲಿಯೆಸ್ಟರ್ ಬೆರೆತದ್ದು. ಒಣಗಿದ್ದರೂ ನೆನೆದಿದ್ದರೂ ಬೆರಳಿನ ಸುಳಿವಿಲ್ಲ, ಹಿಂಡಿ ಕೊಡವಿದರೆ ಗಾಳಿಗೆ ಬೇಗ ಆರುವಂಥದ್ದು. ಚಾಚಾ ಬೀದಿಯಲ್ಲೇ ನಿಂತು ನನ್ನ ಬೆನ್ನಿಗೆ ಗುದ್ದಿದರು, ಅಷ್ಟು ಖುಷಿ. ನನಗೆ, ಅವರಿಗೆ ಸಾಕಾಗುವಷ್ಟು ಅಳೆದ ಮೇಲೆ ಇನ್ನೊಂದು ಅಂಗಿಯಷ್ಟು ಕತ್ತರಿಸಲು ಹೇಳಿದರು. ಯಾರಿಗೆ ಎಂದು ಕೇಳಿದೆ.

"ನಿಮ್ ಚಾಚಿಗೆ. ಇವತ್ತಲ್ಲ ನಾಳೆ ಬರ್ತಾಳೆ."

ದರ್ಜಿಗೆ ಚಾಚಾ ಹೇಳಿದ್ದು ಒಂದೇ ಮಾತು: ಮೈಗೆ ಅಂಟದ ಹಾಗೆ ಸಡಿಲವಾಗಿರಲಿ, ತೋಳು ಮುಂಗೈ ದಾಟಲಿ. ತಮ್ಮ ಅಂಗಿಯ ಕಾಲರನ್ನು ಮಾತ್ರ ಹಿಂದೆ ತಗ್ಗಿಸಿ ಹೊಲಿಸಿಕೊಂಡರು. ಟೋಪಿಯೂ ಹಾಗೆಯೇ, ಮುಂದೆ ಮೊರದಷ್ಟು ಅಂಚು, ಹಿಂದೆ ಏನೂ ಇಲ್ಲ. ಯಾಕೆಂದರೆ ಕುಲುಮೆಯವರಲ್ಲಿ ಒಂದು ಮಾತಿತ್ತು, 'ಮುಂದೆ ಬೆಂಕಿ, ಬೆನ್ನಿಗೆ ಗಾಳಿ' ಎಂದು. ಮುಂದೆ ದಪ್ಪ ಏಪ್ರನ್ ಕಟ್ಟಿ, ಹಿಂದೆ ತೆರೆದುಕೊಂಡು, ಬೆನ್ನಿಗೆ ಫ್ಯಾನು ಇಟ್ಟುಕೊಂಡು ಬದುಕಿದವರು ಅವರು. ಚಾಚಾನಿಗೆ ಆ ಮಾತು ವೇದವಾಕ್ಯ. ನನಗೂ ಸರಿ ಎನ್ನಿಸಿತು.

ಭಾನುವಾರ ಹೊಳಲೂರಿನ ಹತ್ತಿರ ತುಂಗೆಯ ದಡದ ಬಂಡೆಯ ಮೇಲೆ ಕೂತೆವು, ಚಾಚಾ ನನ್ನ ಎಡಕ್ಕೆ. ಮೂಗು ಬಾಯಿಗೆ ಟವೆಲ್, ಕೈಗೆ ಬೆರಳು ಆಡಲೆಂದು ತುದಿ ಕತ್ತರಿಸಿದ ಹಳೇ ಕಾಲುಚೀಲ. ಮುಂದಿನಿಂದ ನೋಡಿದರೆ ಕಣ್ಣು, ಬೆರಳ ತುದಿ ಬಿಟ್ಟು ಚಾಚಾನ ಮೈಯಲ್ಲಿ ಏನೂ ಕಾಣುತ್ತಿರಲಿಲ್ಲ. ದಾರಿಹೋಕರೊಬ್ಬರು ಜೇನು ಕೀಳಲು ಬಂದವರೆಂದು ತಿಳಿದು ದೂರದಿಂದಲೇ ಹೋದರು! ಬಿಸಿಲು ಏರಿತು. ಚಾಚಾ ತಲೆ ಬಗ್ಗಿಸಿ ನೀರಿನ ಮೇಲಿನ ಬೆಂಡನ್ನೇ ನೋಡುತ್ತಿದ್ದರು. ಬೆಂಡು ಒಮ್ಮೆಲೇ ಮುಳುಗಿತು ನೋಡಿ... "ಎಳಿ! ಎಳಿ!" ಎಂದು ತಮಗೆ ತಾವೇ ಕೂಗಿಕೊಂಡು ಎಳೆದರು. ದೊಡ್ಡ ಕಾಟ್ಲಾ ಮೀನು, ಫಳಫಳ ಹೊಳೆಯುತ್ತ ಬಂಡೆಯ ಮೇಲೆ ಬಂದು ಬಿತ್ತು. ಇಬ್ಬರೂ ಕುಣಿದೆವು.

ಮನೆಯಲ್ಲಿ ಚಾಚಿಯ ತಪಾಸಣೆ ಶುರುವಾಯಿತು. ಕೈ ನೋಡಿದರು, ಇಲ್ಲ. ಮುಖ, ಇಲ್ಲ. ಕಿವಿ ಹಿಡಿದು ನೋಡಿದರು, ಇಲ್ಲ. ಚಾಚಾ ಗೆದ್ದ ಪೈಲ್ವಾನನ ಹಾಗೆ ಎದೆಯುಬ್ಬಿಸಿ ಕೈಕಾಲು ತೊಳೆಯಲು ಬಚ್ಚಲ ಕಡೆ ತಿರುಗಿದರು. ಅವರ ಕತ್ತಿನ ಹಿಂಭಾಗ ಹಣ್ಣು ಮೆಣಸಿನಕಾಯಿಯಂತೆ ಕೆಂಪಾಗಿತ್ತು.

ಚಾಚಾ ಕತ್ತು ಮುಟ್ಟಿಕೊಂಡು ನೋವಿಗೆ ಮುಖ ಕಿವುಚಿದರು. "ಕುಲುಮೆ ಇದ್ದಲ್ಲೇ ಇರ್ತಿತ್ತು ಬೇಟಿ. ಈ ಸೂರ್ಯ ಎದ್ದು ಬಂದು ಬೆನ್ನ ಹಿಂದೆ ನಿಲ್ತಾನೆ ಅಂತ ಹೊಳೀಲೇ ಇಲ್ಲ" ಎಂದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಚಾಚಿ ಕೋಲುಗಳನ್ನು ಎತ್ತಿಕೊಂಡು ಒಳಗೆ ನಡೆದರು. ನಾನು ಮನೆಗೆ ಬಂದು ಊಟ ಮಾಡದೆ ಮಲಗಿದೆ.

ಗುಜರಿಯವನಂತೂ ಬರಲಿಲ್ಲ. ಎರಡು ಮೂರು ದಿನ ಕಳೆದ ಮೇಲೆ ಎದುರುಮನೆಯಿಂದ ಹೊಲಿಗೆ ಮಿಷನ್ ಸದ್ದು ಕೇಳಿ ಓಡಿಹೋದೆ. ಚಾಚಿ ತಮಗೆಂದು ತಂದಿದ್ದ ಬಟ್ಟೆಯ ಒಂದು ಅಂಚು ಕತ್ತರಿಸಿ, ಚಾಚಾನ ಟೋಪಿಯ ಹಿಂದೆ ಭುಜದವರೆಗೆ ಇಳಿಯುವ ಬಾಲ ಕೂಡಿಸುತ್ತಿದ್ದರು. ಗಾಳದ ಕೋಲುಗಳು ಗೋಡೆಗೆ ಒರಗಿ ನಿಂತಿದ್ದವು. "ಬಟ್ಟೆ ಸುಮ್ನೆ ಬಿದ್ದಿತ್ತು, ದಂಡ ಯಾಕೆ" ಎಂದರು ನನ್ನ ಮುಖ ನೋಡದೆ. ಗಂಡನಿಗೆ ಇನ್ನೂ ಒಂದು ಷರತ್ತು ಹಾಕಿದರು: ಬಾಲ ಇದೆಯೆಂದು ಮೈಮರೆಯುವಂತಿಲ್ಲ, ಸೂರ್ಯ ಸರಿದ ಹಾಗೆ ತಾವೂ ಸರಿದು ಕೂರಬೇಕು.

ಆಮೇಲೆ ಅದೆಷ್ಟು ಭಾನುವಾರಗಳು... ನಮ್ಮ ಬಂಡೆಯ ಮೇಲೆ ಚಾಚಾನ ಕೂಗು ತಪ್ಪುತ್ತಿರಲಿಲ್ಲ: "ಸೂರ್ಯ ಜಾಗ ಬಿಟ್ಟ. ತಿರುಗು ಮಾರಾಯ್ತಿ!" ಮನೆಗೆ ಬಂದು ಚಾಚಿಯ ಮುಂದೂ ಅದನ್ನೇ ಕೂಗಿ ತೋರಿಸುತ್ತಿದ್ದರು. ಬೆಟ್ಟ ಹತ್ತುವಾಗಲೂ ನನ್ನ ಕಿವಿಯಲ್ಲಿ ಅದೇ. ಒಂದು ಸಲವೂ ಅವರ ಮೈ ಕೆಂಪಾಗಲಿಲ್ಲ. ಕಡೆಗೆ ಅವರನ್ನು ಒಯ್ದದ್ದು ಬಿಸಿಲಲ್ಲ. ಒಂದು ಮಳೆಗಾಲದ ಬೆಳಿಗ್ಗೆ ಎದೆ ಹಿಡಿದುಕೊಂಡರು, ಆಸ್ಪತ್ರೆ ಮುಟ್ಟುವಷ್ಟರಲ್ಲಿ...

ಹೋದ ವಾರ ಬಟ್ಟೆಯ ವಾಸನೆ ಮೂಗಿಗೆ ಬಡಿದ ಆ ದಿನ ನಾನು ಗಾಂಧಿ ಬಜಾರಿನಿಂದ ನೇರವಾಗಿ ಜನ್ನಾಪುರಕ್ಕೆ ಹೋದೆ. ಭಾನುವಾರ ಹೊಳಲೂರಿಗೆ ಹೋಗುತ್ತೇನೆ, ಚಾಚಾನ ಟೋಪಿ ಕೊಡಿ ಎಂದೆ. ಚಾಚಿ ಟೋಪಿ ತಂದು ಕೈಗಿಟ್ಟು, ಅದರ ಬಾಲವನ್ನೊಮ್ಮೆ ನೀವಿ, "ನಾನೂ ಬರ್ತೀನಿ" ಎಂದರು.

ಭಾನುವಾರ ಅವರು ಬಾಗಿಲು ತೆರೆದಾಗ ನಾನು ನಿಂತಲ್ಲೇ ನಿಂತೆ. ಸೀರೆಯ ಮೇಲೆ ಅದೇ ಕಡು ನೀಲಿ ಬಟ್ಟೆಯ ತುಂಬುತೋಳಿನ ಅಂಗಿ. ಟೋಪಿಯ ಬಾಲಕ್ಕೆಂದು ಕತ್ತರಿಸಿದ್ದ ಅಂಚಿಗೆ ಬೇರೆ ಬಣ್ಣದ ತುಂಡು ಕೂಡಿಸಿದ್ದರು. ಯಾವಾಗ ಹೊಲಿದರೋ, ನಾನು ಕೇಳಲಿಲ್ಲ.

ಹಳೆಯ ಬಂಡೆಯ ಮೇಲೆ ನನ್ನ ಜಾಗದಲ್ಲಿ ಕೂತು ಗಾಳ ಹಾಕಿದೆ. ಚಾಚಿ ನನ್ನ ಹಿಂದೆ ಕೂತರು. ಬಿಸಿಲು ಏರಿತು. ಬೆಂಡು ನೋಡುತ್ತ ನಾನು ಯಾವುದೋ ಕೂಗಿಗೆ ಕಾಯುತ್ತಿದ್ದೆ ಎಂದು ತಿಳಿದದ್ದು ಅದು ಕೇಳಿಸಿದಾಗಲೇ.

"ಸೂರ್ಯ ಜಾಗ ಬಿಟ್ಟ. ತಿರುಗು ಮಾರಾಯ್ತಿ."

ಚಾಚಿಯ ಧ್ವನಿ, ಚಾಚಾನ ಮಾತು. ತಿರುಗಿದೆ. ನನ್ನ ಎಡಕ್ಕೆ ಬಂಡೆ ಬರಿದಾಗಿ ಕಾಯುತ್ತಿತ್ತು. ಅವರಿಲ್ಲ ಎನ್ನುವುದು ನನಗೆ ಆಗ ಪೂರ್ತಿಯಾಗಿ ತಟ್ಟಿತು. ಅಷ್ಟರಲ್ಲಿ ಬೆಂಡು ಮುಳುಗಿತು. "ಎಳಿ! ಎಳಿ!" ಎಂದು ಚಾಚಿ ಎದ್ದು ನಿಂತು ಕೂಗಿದ ರಭಸಕ್ಕೆ ಅವರ ಚಪ್ಪಲಿ ನೀರಿಗೆ ಬಿತ್ತು. ಮೀನು ದಡಕ್ಕೆ ಬಂತು. ನಾವಿಬ್ಬರೂ ನಗುತ್ತಿದ್ದೆವು, ಇಬ್ಬರ ಕಣ್ಣೂ ಒದ್ದೆಯಾಗಿತ್ತು.

ಚಾಚಿ ಎರಡೂ ತೋಳು ಮಡಚಿ ತಮ್ಮ ಕೈ ನೋಡಿಕೊಂಡರು. ಒಂದು ಚೂರೂ ಕೆಂಪಿಲ್ಲ. ತೋಳನ್ನು ಮತ್ತೆ ಮುಂಗೈವರೆಗೆ ಎಳೆದುಕೊಂಡು ಹೊಳೆ ನೋಡುತ್ತ ಕೂತರು.

"ನಾನು ಬಂದಿದ್ದು ತಡ ಆಯ್ತು ಬೇಟಿ" ಎಂದರು. "ಬಟ್ಟೆ ಮಾತ್ರ ಚೆನ್ನಾಗೇ ಆರಿಸಿದ್ರು."